ಐವತ್ತರ ಜಾಗದಲ್ಲಿ ನೂರು

"ಏಳಮ್ಮ, ಹೊರಡೋಣ," ಎಂದರು ಇನ್‌ಸ್ಪೆಕ್ಟರಮ್ಮ.

ನಾನು ಬಾಗಿಲಿಗೆ ಅಡ್ಡ ನಿಂತೆ. ನಾನು ಅಡ್ಡ ನಿಂತ ಬಾಗಿಲನ್ನು ದಾಟಬೇಕಾದರೆ ಆನೆಯೂ ಅರ್ಜಿ ಬರೆದುಕೊಟ್ಟು ಎಂಟು ದಿನ ಕಾಯಬೇಕು. ಇನ್‌ಸ್ಪೆಕ್ಟರಮ್ಮ ಆನೆಯಲ್ಲ. ಅವರು ಆಗಲೇ ನನ್ನನ್ನು ಎರಡು ಸಲ ಪಕ್ಕಕ್ಕೆ ತಳ್ಳಿ, ಮೂರನೆಯ ಸಲಕ್ಕೆ ತೋಳು ಮಡಿಸುತ್ತಿದ್ದರು.

"ಅರ್ಧ ಗಂಟೆ ಕೊಡಿ. ಅಪರಾಧಿಯನ್ನ ಇದೇ ಮೇಜಿನ ಮೇಲೆ ಬಾಳೆಹಣ್ಣು ಸುಲಿದ ಹಾಗೆ ಸುಲಿದು ಇಡ್ತೀನಿ."

"ಹೋದ ವಾರಾನೂ ಹೀಗೇ ಅಂದ್ರಿ. ಸುಲಿದಿದ್ದು ನನ್ನ ತಲೆ."

"ಹೋದ ವಾರ ನನಗೆ ನೆಗಡಿ."

ಹೊಸದಾಗಿ ಬಂದವರಿಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: ಮಂಗಳವಾರ ಬೆಳಗ್ಗೆ ಹನ್ನೊಂದು ನಲವತ್ತಕ್ಕೆ ಈ ಲಸಿಕೆ ಉಗ್ರಾಣದ ಕಂಪ್ಯೂಟರಿಗೆ ಚುಚ್ಚಿದ, ತಾಪಮಾನ ಬರೆದಿಡುವ ಅಂಗೈಯಗಲದ ಬಿಳಿ ಡಬ್ಬಿಯೊಂದು ತಾನೇ ಕೀಬೋರ್ಡ್ ಆಗಿಬಿಟ್ಟು, ಯಾರೂ ಮುಟ್ಟದೆ ಅಕ್ಷರ ಕುಟ್ಟಿ, ಶೀತಲಕೋಣೆಯ ಮೂರು ದಿನದ ತಾಪಮಾನದ ದಾಖಲೆಯನ್ನು ಅಳಿಸಿ ಹಾಕಿತ್ತು, ಆ ಡಬ್ಬಿಯ ಚಿಪ್‌ಗೆ ಪ್ರೋಗ್ರಾಂ ಬರೆದವಳು ನನ್ನ ಹೆಂಡತಿಯ ತಂಗಿ.

ದಾಖಲೆ ಹೋದ ಮೇಲೆ ಒಳಗಿನ ಲಸಿಕೆ ಬಿಸಿಯಾಗಿ ಕೆಟ್ಟಿತ್ತೋ ಇಲ್ಲವೋ ಎಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಯಾರಿಗೋ ಬೇಕಾಗಿದ್ದದ್ದೂ ಅದೇ. ಆರೋಪ ಗಟ್ಟಿಯಾದರೆ ನನ್ನ ನಾದಿನಿಗೆ ಏಳು ವರ್ಷ.

ಅವಳು ಗೋಡೆಗೆ ಒರಗಿಸಿದ ಕಬ್ಬಿಣದ ಕುರ್ಚಿಯಲ್ಲಿ ಕುಳಿತಿದ್ದಳು. ಬೆರಳ ತುದಿಗಳಲ್ಲಿ ಬೆಸುಗೆಯ ಸುಟ್ಟ ಕಲೆ, ಕಣ್ಣಲ್ಲಿ ಬೆಂಕಿ. ಬೆಂಕಿ ಇನ್‌ಸ್ಪೆಕ್ಟರಮ್ಮನ ಕಡೆಗಲ್ಲ, ನನ್ನ ಕಡೆಗೆ.

"ಭಾವ, ನಿಮ್ಮನ್ನ ಇಲ್ಲಿಗೆ ಕರೆದವರು ಯಾರು?"

"ಕರೆಯೋದು ಬೇರೆ ಬೇಕಾ? ಗಂಡಾಂತರ ಇದ್ದ ಕಡೆ ನಾನು ಇರ್ತೀನಿ."

"ನೀವು ಇದ್ದ ಕಡೆ ಗಂಡಾಂತರ ಇರುತ್ತೆ. ನೋಡಿ, ನಾನು ಇವತ್ತಿನ ತನಕ ಈ ಉಗ್ರಾಣಕ್ಕೆ ಕಾಲಿಟ್ಟವಳಲ್ಲ. ವಕೀಲರು ಅದನ್ನೇ ಹೇಳ್ತಾರೆ. ಸಂಜೆ ಜಾಮೀನು ಸಿಗುತ್ತೆ, ಮನೆಗೆ ಹೋಗ್ತೀನಿ. ನೀವು ದಯವಿಟ್ಟು ಬಾಯಿ ಮುಚ್ಚಿಕೊಂಡು ಹೊರಡಿ."

ಹೆಣ್ಣುಮಕ್ಕಳಿಗೆ ಸಂಕೋಚ ಜಾಸ್ತಿ. ಸಹಾಯ ಬೇಕೆಂದು ಬಾಯಿಬಿಟ್ಟು ಕೇಳುವುದಿಲ್ಲ. ನಾನು ಬಾಗಿಲನ್ನು ಇನ್ನಷ್ಟು ತುಂಬಿಕೊಂಡು ನಿಂತೆ.

ಇನ್‌ಸ್ಪೆಕ್ಟರಮ್ಮ ಗೋಡೆ ಗಡಿಯಾರ ನೋಡಿದರು. ಎರಡೂವರೆ. "ಮೂರು ಗಂಟೆಗೆ ಜೀಪು ಹೊರಡುತ್ತೆ. ಇವರು ಹಿಂದಿನ ಸೀಟಲ್ಲಿ. ನೀವು ಜಾಸ್ತಿ ಮಾತಾಡಿದ್ರೆ ಅವರ ಪಕ್ಕದಲ್ಲಿ."

ಕೋಣೆಯಲ್ಲಿ ಇನ್ನಿಬ್ಬರಿದ್ದರು. ಇಬ್ಬರೂ ನನ್ನನ್ನು ನೋಡಿದ ನೋಟದಲ್ಲಿ ಹಾಲು ಇಟ್ಟಿದ್ದರೆ ಒಡೆಯುತ್ತಿತ್ತು.

ಒಬ್ಬರು ಡಬ್ಬಿ ತಯಾರಿಸುವ ಕಂಪನಿಯ ಯಜಮಾನರು, ನಾದಿನಿಯ ಧಣಿ. ಅವರ ಮುಖ ಹುಟ್ಟಿದಾಗಿನಿಂದ ಗಂಟು ಹಾಕಿಕೊಂಡೇ ಇದೆ. ಇನ್ನೊಬ್ಬ ಈ ಉಗ್ರಾಣದ ಉಗ್ರಾಣಿ, ಬಲಗೆನ್ನೆ ಊದಿಕೊಂಡ, ಮಾತು ಮಾತಿಗೂ ಕರ್ಚೀಫು ಬಾಯಿಗೊತ್ತಿಕೊಳ್ಳುವ ಮನುಷ್ಯ. ಡಬ್ಬಿಯನ್ನು ಚುಚ್ಚಿದ್ದು ತಾನೇ ಎಂದು ಹೇಳಿಕೆ ಕೊಟ್ಟವನು ಅವನು. ಎಂದಿನಂತೆ ಚುಚ್ಚಿದೆ, ಅದು ದೆವ್ವ ಬಡಿದ ಹಾಗೆ ಕುಟ್ಟತೊಡಗಿತು ಎಂದು ಬರೆಸಿದ್ದ.

ನಾನು ನನ್ನ ಲ್ಯಾಪ್‌ಟಾಪ್ ತೆರೆದೆ.

"ಅದಕ್ಕೇನಾದ್ರೂ ಆದರೆ?" ಎಂದರು ಇನ್‌ಸ್ಪೆಕ್ಟರಮ್ಮ, ಡಬ್ಬಿಯ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿಕೊಂಡು.

"ಇದರಲ್ಲಿ ಹೊಸ ಕೀಬೋರ್ಡ್ ಯಾವುದನ್ನೂ ಒಳಗೆ ಬಿಡದ ಹಾಗೆ ಕಟ್ಟಿಹಾಕಿದೀನಿ. ಡಬ್ಬಿ ಪರಿಚಯ ಹೇಳ್ಕೋಬಹುದು, ಕುಟ್ಟೋ ಹಾಗಿಲ್ಲ."

ಈ ಲೋಕದ ಒಂದು ಮರ್ಯಾದೆ ಕೇಳಿ. ಯುಎಸ್‌ಬಿ ತೂತಿಗೆ ಏನನ್ನು ಚುಚ್ಚಿದರೂ ಕಂಪ್ಯೂಟರು ಅದನ್ನು ನೇರ ಒಳಗೆ ಕರೆಯುವುದಿಲ್ಲ. ಹೊಸ್ತಿಲಲ್ಲೇ ನಿಲ್ಲಿಸಿ, ಹಳೇ ಕಾಲದ ಅತ್ತೆಯ ಹಾಗೆ ವಿಚಾರಿಸುತ್ತದೆ. ಯಾರಪ್ಪ ನೀನು? ಯಾರ ಪೈಕಿ? ಏನು ಕೆಲಸ ಬರುತ್ತೆ? ಎಷ್ಟು ಉಣ್ತೀಯ? ಬಂದ ವಸ್ತು ತನ್ನ ಚಿಪ್‌ನಲ್ಲಿ ಬರೆದಿಟ್ಟ ಉತ್ತರವನ್ನು ಸಂಖ್ಯೆಗಳ ಸಾಲಾಗಿ ಒಪ್ಪಿಸಬೇಕು. ಆ ಸಾಲಿಗೆ ಡಿಸ್ಕ್ರಿಪ್ಟರ್ ಎಂದು ಹೆಸರು. ಒಂದು ಸಂಖ್ಯೆ ಹೆಚ್ಚುಕಮ್ಮಿಯಾದರೆ ಬಾಗಿಲು ಬಂದ್. ಈ ವಿದ್ಯೆ ಬಲ್ಲವರು ಜಗತ್ತಿನಲ್ಲಿ ಹನ್ನೆರಡು ಜನ, ಅವರಲ್ಲಿ ಹತ್ತು ಜನಕ್ಕೆ ಹೇಳಿಕೊಟ್ಟವನು ನಾನು.

ನನಗೆ ಹೇಳಿಕೊಟ್ಟವಳು ನಾದಿನಿ, ಒಂದು ಭಾನುವಾರ, ಬೈದುಕೊಂಡು. ಅಲ್ಲೇ ಪಕ್ಕದಲ್ಲಿ, ತನ್ನ ಕಸುಬಿನಂತೆ ಯಾವುದೋ ಶೀತಲಯಂತ್ರದ ಮೋಟಾರು ಬಿಚ್ಚಿಕೊಂಡು ಕೂತಿದ್ದ ನನ್ನ ಹೆಂಡತಿಯೂ ಅರ್ಧ ಕಿವಿಯಲ್ಲಿ ಕಲಿತಳು. ಅದು ಇಲ್ಲಿಗೆ ಬೇಡದ ಮಾತು.

ಡಬ್ಬಿಯನ್ನು ಚುಚ್ಚಿದೆ. ಪರದೆಯ ಮೇಲೆ ಸಂಖ್ಯೆಗಳು ಸಾಲುಗಟ್ಟಿದವು.

"ನೋಡಿ. ಇದು ತನ್ನ ಪರಿಚಯ ಎಷ್ಟುದ್ದ ಅಂತ ಮೊದಲೇ ಹೇಳುತ್ತೆ. ಐವತ್ತೇಳು ಅಂಕಿ. ನಾದಿನಿ ಬರೆದ ಪ್ರೋಗ್ರಾಂನಲ್ಲಿ ಎಷ್ಟಿದೆ?"

"ಮೂವತ್ತೆರಡು," ಎಂದಳು ಅವಳು, ನನ್ನ ಕಡೆ ನೋಡದೆ.

"ಇಪ್ಪತ್ತೈದು ಜಾಸ್ತಿ! ನಾನು ಬರೀ ತಾಪಮಾನ ಬರೆಯೋನಲ್ಲ, ಕೀಬೋರ್ಡೂ ಹೌದು ಅಂತ ಸಾರೋಕೆ ಒಂಬತ್ತು. ಎಂಥ ಕೀಬೋರ್ಡು ಅನ್ನೋಕೆ ಇನ್ನೊಂದು ಒಂಬತ್ತು. ಕುಟ್ಟಿದ ಅಕ್ಷರ ಯಾವ ದಾರೀಲಿ ಹೋಗುತ್ತೆ ಅನ್ನೋಕೆ ಏಳು. ಯಾರೋ ಇವಳ ಪ್ರೋಗ್ರಾಂಗೆ ಬಾಲ ಕಟ್ಟಿದಾರೆ."

ಯಜಮಾನರು ಗಂಟಲು ಸರಿಮಾಡಿಕೊಂಡರು. "ಯಾರೋ ಯಾಕೆ? ಬಾಲ ಕಟ್ಟೋದು ಗೊತ್ತಿರೋಳು ನಮ್ಮ ಕಂಪನೀಲಿ ಒಬ್ಬಳೇ. ಅಲ್ಲೇ ಕೂತಿದಾಳೆ. ಸೇರಿಸ್ಕೊಂಡ ದಿನಾನೇ ನನಗೆ ಗೊತ್ತಿತ್ತು, ಜಾಸ್ತಿ ಬುದ್ಧಿ ಇರೋರನ್ನ ಮನೆ ಒಳಗೆ ಬಿಡಬಾರದು."

"ಅದಕ್ಕೇ ನೀವು ಹೊರಗೇ ಕೂತ್ಕೊಂಡು ವ್ಯವಹಾರ ಮಾಡೋದಾ?" ಎಂದಳು ನಾದಿನಿ.

ಯಜಮಾನರ ಮುಖದ ಗಂಟಿಗೆ ಇನ್ನೊಂದು ಗಂಟು ಬಿತ್ತು.

"ನಿಮಗೆ ಬರಲ್ವಾ ಈ ಕೆಲಸ?" ನಾನು ಅವರ ಮೇಲೆ ಎರಗಿದೆ. ನನ್ನ ಪ್ರಶ್ನೆಗೆ ಸಿಕ್ಕವರು ಮೂರು ತಿಂಗಳು ಅನ್ನ ಬಿಟ್ಟದ್ದುಂಟು.

"ಏನ್ರೀ, ನನ್ನ ಮೊಬೈಲಲ್ಲಿ ಅಲಾರಂ ಇಡೋದು ನನ್ನ ಮಗಳು. ಅನುಮಾನ ಇದ್ರೆ ಅವಳನ್ನ ಕೇಳಿ."

ಇನ್‌ಸ್ಪೆಕ್ಟರಮ್ಮ ಬೂಟಿನ ತುದಿಯಿಂದ ನೆಲ ಕುಟ್ಟಿದರು. "ಇಪ್ಪತ್ತೆರಡು ನಿಮಿಷ. ಇದುವರೆಗೆ ನೀವು ಸಾಬೀತು ಮಾಡಿರೋದು ಏನಪ್ಪಾ ಅಂದ್ರೆ, ಇವರೇ ಮಾಡಿದ್ದು ಅಂತ."

ಆಗ ನಾನು ನಕ್ಕೆ. ಈ ನಗುವನ್ನು ನಾನು ವರ್ಷಕ್ಕೆ ಎರಡೇ ಸಲ ಬಳಸುತ್ತೇನೆ. ಇದನ್ನು ಕಂಡು ಒಬ್ಬ ಕಳ್ಳ ತನ್ನದಲ್ಲದ ಕಳ್ಳತನವನ್ನೂ ಒಪ್ಪಿಕೊಂಡಿದ್ದ.

"ಈ ಸಾಲಲ್ಲಿ ಎಂಟು ಅಂಕಿ ದಾಟಿ ಒಂಬತ್ತನೇದಕ್ಕೆ ಬನ್ನಿ. ಎಷ್ಟು ಉಣ್ತೀಯ ಅಂತ ಕಂಪ್ಯೂಟರ್ ಕೇಳುತ್ತಲ್ಲ, ಅದಕ್ಕೆ ಉತ್ತರ. ಏನಿದೆ?"

"ನೂರು," ಎಂದು ಓದಿದರು ಇನ್‌ಸ್ಪೆಕ್ಟರಮ್ಮ.

"ಈಗ ಇದನ್ನ ನೋಡಿ." ಶೀತಲಕೋಣೆಯ ಗೋಡೆಯಿಂದ ಬಿಚ್ಚಿ ತರಿಸಿದ್ದ ಅದೇ ಕಂಪನಿಯ ಇನ್ನೊಂದು ಡಬ್ಬಿಯನ್ನು ಚುಚ್ಚಿದೆ. ಅದರಲ್ಲಿ ಐವತ್ತು ಎಂದಿತ್ತು. ಮತ್ತೊಂದು ಚುಚ್ಚಿದೆ. ಐವತ್ತು. ಮಗದೊಂದು. ಐವತ್ತು.

"ಡಬ್ಬಿಗೆ ಬೇಕಾಗಿರೋದು ನೂರು ಮಿಲಿಯಾಂಪು ವಿದ್ಯುತ್ತು," ಎಂದೆ. "ಆದರೆ ಇಲ್ಲಿ ಲೆಕ್ಕ ಜೋಡೀಲಿ. ಚಪ್ಪಲಿ ಅಂಗಡಿಯವನು ಐವತ್ತು ಅಂದ್ರೆ ಐವತ್ತು ಜೊತೆ, ಬಿಡಿಬಿಡಿಯಾಗಿ ಎಣಿಸಿದ್ರೆ ನೂರು. ಹಾಗೆ ಇಲ್ಲಿ ಐವತ್ತು ಅಂತ ಬರೆದ್ರೆ ನೂರು ಸಿಗುತ್ತೆ. ದಿನಾ ಡಿಸ್ಕ್ರಿಪ್ಟರ್ ಬರೆಯೋರಿಗೆ ಇದು ಉಸಿರಾಟದಷ್ಟು ಸಲೀಸು. ಬರೀ ತಂತಿ, ಮೋಟಾರು, ಮೀಟರು ಹಿಡಿದು ಪಳಗಿದ ಕೈ ಮಾತ್ರ ನೂರು ಬೇಕು ಅಂದ್ರೆ ನೂರೇ ಬರೆಯುತ್ತೆ. ಅಲ್ಲಿಗೆ ಡಬ್ಬಿ ಇನ್ನೂರು ಕೇಳಿದ ಹಾಗಾಯ್ತು. ಬಾಲ ಕಟ್ಟಿದವರು ಸಾಲನ್ನ ಹೊಸದಾಗಿ ಕೂತು ಟೈಪ್ ಮಾಡಿದಾರೆ. ಈ ಜಾಗಕ್ಕೆ ಬಂದಾಗ ಅಭ್ಯಾಸಬಲದಿಂದ ಜಾರಿದಾರೆ."

ನಾನು ನಾದಿನಿಯ ಕಡೆ ತಿರುಗಿದೆ. ಅವಳು ಎದ್ದು ನಿಂತು ಪರದೆಯನ್ನೇ ನೋಡುತ್ತಿದ್ದಳು. ಮುಖ ಬಿಳುಪೇರಿತ್ತು. ನನ್ನ ಬುದ್ಧಿಯನ್ನು ಇಷ್ಟು ಹತ್ತಿರದಿಂದ ಕಂಡವರಿಗೆ ಹೀಗಾಗುವುದು ಸಹಜ.

"ಅದು... ನಾನೇ ಬರೆದಿರಬಹುದು," ಎಂದಳು.

"ಏನು?"

"ಅವಸರದಲ್ಲಿ. ಕೈ ತಪ್ಪಿ. ನೂರು ಅಂತ."

"ನೀನಾ? ಮೂರು ವರ್ಷದ ಹಿಂದೆ ನಾನು ಅದೇ ಜಾಗದಲ್ಲಿ ನೂರು ಅಂತ ಬರೆದಾಗ ಸ್ಕೇಲಲ್ಲಿ ನನ್ನ ಗೆಣ್ಣಿಗೆ ಹೊಡೆದೋಳು ನೀನು!"

"ಭಾವ, ಸಾಕು ಮಾಡಿ ಅಂದ್ನಲ್ಲ!"

ಇನ್‌ಸ್ಪೆಕ್ಟರಮ್ಮ ಅವಳನ್ನೂ ನನ್ನನ್ನೂ ಒಮ್ಮೆ ನೋಡಿದರು. "ಅವರೇ ಕೈತಪ್ಪು ಅಂತಿದಾರೆ. ಒಂದು ಅಂಕಿ ತಪ್ಪಿದ್ದಕ್ಕೆ ಆರೋಪಿನ ಬಿಟ್ರೆ ನಾಳೆ ನನ್ನ ಕೈಗೆ ಲಾಠಿ ಬದಲು ಪೊರಕೆ ಕೊಡ್ತಾರೆ. ಹದಿನೆಂಟು ನಿಮಿಷ."

ಸೋಲು ನನ್ನ ಹೆಸರು ಕೇಳಿದರೆ ರಸ್ತೆ ಬದಲಿಸಿ ನಡೆಯುತ್ತದೆ. ನಾನು ಮೇಜಿನ ಕೆಳಗೆ ಬಗ್ಗಿದೆ.

ಉಗ್ರಾಣದ ಕಂಪ್ಯೂಟರು ಮೇಜಿನ ಮೇಲಿಲ್ಲ. ಧೂಳು, ಕೈಚಳಕ, ಎರಡಕ್ಕೂ ಹೆದರಿ ಅದನ್ನು ಮೂಲೆಯ ಉಕ್ಕಿನ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಾರೆ. ಬೀರುವಿನ ಬೆನ್ನಿನ ತೂತಿನಿಂದ ಮೂರು ತಂತಿ ಹೊರಬರುತ್ತವೆ: ಪರದೆಗೊಂದು, ಕೀಬೋರ್ಡಿಗೊಂದು, ಮೇಜಿನ ಅಂಚಿಗೆ ಅಂಟಿಸಿದ, ಹಬ್ಬು ಎಂಬ ನಾಲ್ಕು ಯುಎಸ್‌ಬಿ ತೂತಿನ ಪಟ್ಟಿಗೊಂದು. ಡಬ್ಬಿಗಳನ್ನೆಲ್ಲ ಚುಚ್ಚುವುದು ಆ ಹಬ್ಬಿಗೆ. ಅದಕ್ಕೆ ಸ್ವಂತ ವಿದ್ಯುತ್ತಿಲ್ಲ. ಬೀರುವಿನೊಳಗಿನಿಂದ ಬಂದದ್ದನ್ನೇ ನಾಲ್ಕು ತೂತಿಗೆ ಹಂಚಬೇಕು.

ನಾನು ಎದ್ದೆ. ತಲೆ ಮೇಜಿಗೆ ಬಡಿದು ಇಡೀ ಕಟ್ಟಡ ಅಲುಗಿತು.

"ಉಗ್ರಾಣಿಗಳೇ," ಎಂದೆ. "ಮಂಗಳವಾರ ಡಬ್ಬೀನ ಎಲ್ಲಿಗೆ ಚುಚ್ಚಿದ್ರಿ?"

"ಅಲ್ಲೇ. ಹಬ್ಬಿಗೆ." ಕರ್ಚೀಫು ಬಾಯಿಗೆ ಹೋಯಿತು. "ಹೇಳಿಕೇಲಿ ಬರೆಸಿದೀನಲ್ಲ."

"ಯಾವ ತೂತು?"

"ಎರಡನೇದು. ಯಾವಾಗಲೂ ಎರಡನೇದೇ. ನಿಮಗೇನ್ರೀ ತೊಂದರೆ? ಹನ್ನೊಂದು ವರ್ಷದಿಂದ ಚುಚ್ಚುತಿದೀನಿ, ನಿಮ್ಮಂಥ ಪೊಲೀಸಿನವರಲ್ಲದ ಪೊಲೀಸರು ಬಂದು ತೂತು ಎಣಿಸಿದ್ದು ಇದೇ ಮೊದಲು."

"ಮತ್ತೆ ಚುಚ್ಚಿ."

"ಯಾಕೆ?"

"ಹೆದರಿಕೇನಾ?"

"ಹೆದರಿಕೆ ಯಾಕೆ? ಇರೋ ದಾಖಲೆ ಅಳಿಸಿಹೋಗಿದೆ, ಇನ್ನೇನು ನಮ್ಮಪ್ಪನ ಹೆಸರು ಅಳಿಸುತ್ತಾ?" ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಇನ್‌ಸ್ಪೆಕ್ಟರಮ್ಮ ಬೇಡವೆನ್ನುವಷ್ಟರಲ್ಲಿ ಎರಡನೆಯ ತೂತಿಗೆ ನೂಕಿದ.

ಕಂಪ್ಯೂಟರು ಒಪ್ಪಿದರೆ ಮಾತ್ರ ಡಬ್ಬಿಯ ಹಸಿರು ದೀಪ ಹತ್ತುತ್ತದೆ. ಎಲ್ಲರೂ ದೀಪವನ್ನೇ ನೋಡಿದೆವು.

ಹತ್ತಲಿಲ್ಲ. ಪರದೆಯ ಮೂಲೆಯಲ್ಲಿ ಪುಟ್ಟದೊಂದು ಸೂಚನೆ ಮೂಡಿತು: ಈ ಸಾಧನಕ್ಕೆ ಬೇಕಾದಷ್ಟು ವಿದ್ಯುತ್ತು ಈ ಜಾಗದಲ್ಲಿ ಇಲ್ಲ.

"ಗಟ್ಟಿಯಾಗಿ ಒತ್ತಿ," ಎಂದೆ, ಸಕ್ಕರೆಯಂತೆ.

ಒತ್ತಿದ. ಕಿತ್ತು ಮೂರನೆಯದಕ್ಕೆ ಚುಚ್ಚಿದ. ನಾಲ್ಕನೆಯದಕ್ಕೆ. ದೀಪ ಸತ್ತೇ ಇತ್ತು. ಐವತ್ತು ಎಂದು ಬರೆದ ಗೋಡೆಯ ಡಬ್ಬಿಯನ್ನು ನಾನು ಕಿರುಬೆರಳಲ್ಲಿ ಎರಡನೆಯದಕ್ಕೆ ಮುಟ್ಟಿಸಿದೆ. ಮುಟ್ಟಿಸಿದ್ದೇ ತಡ, ಹಸಿರು ದೀಪ ಕಣ್ಣು ಬಿಟ್ಟಿತು.

"ತಾನೇ ಕೈಯೊಡ್ಡಿ ತಿನ್ನೋ ಹಬ್ಬು ಒಂದೊಂದು ತೂತಿಗೆ ನೂರು ಮಿಲಿಯಾಂಪಿಗಿಂತ ಜಾಸ್ತಿ ಕೊಡೋ ಹಾಗಿಲ್ಲ. ಇನ್ನೂರು ಉಣ್ತೀನಿ ಅನ್ನೋ ನೆಂಟನ್ನ ಕಂಪ್ಯೂಟರು ಹೊಸ್ತಿಲಿಂದಲೇ ವಾಪಸ್ ಕಳಿಸಿದೆ. ಉಗ್ರಾಣಿಗಳೇ, ಈ ಡಬ್ಬಿ ಈ ಹಬ್ಬಲ್ಲಿ ಒಂದಕ್ಷರಾನೂ ಕುಟ್ಟಿಲ್ಲ. ಕುಟ್ಟೋಕೆ ಸಾಧ್ಯವೇ ಇಲ್ಲ. ನೀವು ಹೇಳ್ತಿರೋದು ಹಸೀ ಸುಳ್ಳು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಉಗ್ರಾಣಿ ಕೆನ್ನೆ ಮುಟ್ಟಿಕೊಂಡ.

"ನಾನು ಸುಳ್ಳು ಹೇಳೋನಾ? ಅಮ್ಮಾ, ನೋಡಿ ಈ ಮನುಷ್ಯನ್ನ, ಮಾತಿನ ಮೇಲೆ ನಿಗಾ..."

"ಬಾಯಿ ತೆಗೀರಿ," ಎಂದರು ಇನ್‌ಸ್ಪೆಕ್ಟರಮ್ಮ.

"ಆಂ?"

"ಕರ್ಚೀಫು ತೆಗೆದು ಬಾಯಿ ಬಿಡಿ."

ಬಿಟ್ಟ. ಬಲಗಡೆ ಕೆಳಗೆ, ಹಿಂದಿನ ಹಲ್ಲಿದ್ದ ಜಾಗದಲ್ಲಿ ಒಂದು ಹಸಿ ಗುಂಡಿ.

"ಯಾವತ್ತು ಕೀಳಿಸಿದ್ದು?"

ಉಗ್ರಾಣಿ ಕುರ್ಚಿಗೆ ಕುಸಿದ. ಹನ್ನೊಂದು ವರ್ಷದ ಗತ್ತು ಗಾಳಿ ಹೋದ ಟ್ಯೂಬಿನಂತೆ ಇಳಿಯಿತು.

"ಮಂಗಳವಾರ. ಹತ್ತೂಮುಕ್ಕಾಲಿಗೆ ಹೋದೆ. ರಜೆ ಕೇಳಿದ್ರೆ ಕೊಡ್ತಿರಲಿಲ್ಲ, ಶೀತಲಕೋಣೆ ಬಿಟ್ಟು ಹೋಗೋ ಹಾಗೇ ಇಲ್ಲ. ನೋವು ಅಂದ್ರೆ, ಅಮ್ಮಾ, ಗೋಡೆಗೆ ತಲೆ ಚಚ್ಚಿಕೋಬೇಕು ಅನ್ನಿಸ್ತಿತ್ತು. ವಾಪಸ್ ಬಂದಾಗ ಹನ್ನೆರಡೂವರೆ. ಡಬ್ಬಿ ಮೇಜಿನ ಮೇಲೆ ಬಿದ್ದಿತ್ತು, ದಾಖಲೆ ಖಾಲಿ. ಇಲ್ಲಿರಲಿಲ್ಲ ಅಂದ್ರೆ ಕೆಲಸ ಹೋಗುತ್ತೆ. ಅದಕ್ಕೇ ನಾನೇ ಚುಚ್ಚಿದೆ ಅಂದೆ."

"ನಿನ್ನ ಹಲ್ಲಿಗೋಸ್ಕರ ಒಬ್ಬಳನ್ನ ಜೈಲಿಗೆ ಕಳಿಸೋನಿದ್ಯಲ್ಲೋ," ಎಂದೆ.

"ಕಳಿಸ್ತಿರೋದು ನಾನಲ್ಲ. ಪ್ರೋಗ್ರಾಂ ಅವಳದ್ದು. ನಾನು ಹಲ್ಲು ಕೀಳಿಸಿದ್ರೂ ಅವಳದ್ದೇ, ಕೀಳಿಸದೆ ಇದ್ರೂ ಅವಳದ್ದೇ." ಗುಂಡಿಯಿದ್ದ ಬಾಯಿಯಲ್ಲೂ ವಿಷಕ್ಕೆ ಕೊರತೆಯಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಈಗ ಗಡಿಯಾರ ನೋಡುತ್ತಿರಲಿಲ್ಲ, ಬೀರುವನ್ನು ನೋಡುತ್ತಿದ್ದರು. "ಹಬ್ಬಲ್ಲಿ ಆಗಲ್ಲ ಅಂದ್ರೆ ಮತ್ತೆ ಎಲ್ಲಿ?"

ಇದೇ ಪ್ರಶ್ನೆಗಾಗಿ ನಾನು ಹುಟ್ಟಿದ್ದೆ.

"ಕಂಪ್ಯೂಟರಿನ ಮೈಮೇಲಿರೋ ತೂತಲ್ಲಿ! ಅಲ್ಲಿ ಐನೂರು ಸಿಗುತ್ತೆ, ಇನ್ನೂರು ಅದಕ್ಕೆ ತಿಂಡಿ. ಆದರೆ ಕಂಪ್ಯೂಟರು ಬೀರು ಒಳಗಿದೆ. ಬೀರುವಿಗೆ ಬೀಗ ಇದೆ. ಬೀಗ ಒಡೆದಿಲ್ಲ, ಗೀರೂ ಬಿದ್ದಿಲ್ಲ. ಅಂದ್ರೆ ಬೀಗದ ಕೈ ಹಾಕಿ ತೆಗೆದಿದಾರೆ. ಆ ಬೀಗದ ಕೈ ಎಲ್ಲಿರುತ್ತೆ, ಹಲ್ಲಿಲ್ಲದವರೇ?"

"ಗೇಟಿನ ಕಾವಲು ಕೋಣೇಲಿ. ತಗೊಂಡೋರು ಪುಸ್ತಕದಲ್ಲಿ ಸಮಯ ಬರೆದು ಸಹಿ ಹಾಕಬೇಕು. ಕಾವಲಿನವನು ಸಹಿ ಇಲ್ಲದೆ ಅವರಮ್ಮನಿಗೂ ಕೊಡಲ್ಲ."

"ಭಾವ."

ನಾದಿನಿ ನನ್ನ ತೋಳು ಹಿಡಿದಿದ್ದಳು. ಹನ್ನೆರಡು ವರ್ಷದ ನೆಂಟಸ್ತಿಕೆಯಲ್ಲಿ ಅವಳು ನನ್ನನ್ನು ಮುಟ್ಟಿದ್ದು ಆ ಸ್ಕೇಲಿನಿಂದ ಮಾತ್ರ.

"ಇಷ್ಟಕ್ಕೆ ನಿಲ್ಲಿಸಿ. ಉಗ್ರಾಣಿ ಸುಳ್ಳು ಹೇಳಿದ ಅಂತಾಯ್ತಲ್ಲ, ವಕೀಲರಿಗೆ ಅಷ್ಟು ಸಾಕು. ಮುಂದಕ್ಕೆ ಹೋಗ್ಬೇಡಿ."

"ಮುಂದಕ್ಕೆ ಹೋಗ್ದೇ ಇರೋಕೆ ನಾನೇನು ಹೊಲಿಗೆ ಬಿಟ್ಟ ಚೀಲಾನಾ? ನೀನು ಕೂತ್ಕೋ. ಇನ್ನೈದು ನಿಮಿಷದಲ್ಲಿ ನಿನ್ನನ್ನ ಹೂವಿನ ಹಾಗೆ ಎತ್ತಿ ಹೊರಗೆ ತರ್ತೀನಿ."

ನಾನು ಇನ್‌ಸ್ಪೆಕ್ಟರಮ್ಮನ ಮುಂದೆ ಮೇಜು ಗುದ್ದಿದೆ. ಗುದ್ದಿಗೆ ಪರದೆ ನಡುಗಿತು, ಯಜಮಾನರು ನಡುಗಿದರು, ಬಹುಶಃ ಪಕ್ಕದ ಬೀದಿಯಲ್ಲೂ ಯಾರೋ ನಡುಗಿದರು.

"ಬರ್ಕೊಳ್ಳಿ! ಮಂಗಳವಾರ ಬೆಳಗ್ಗೆ ಹನ್ನೊಂದು ನಲವತ್ತಕ್ಕೆ ಬೀರುವಿನ ಬೀಗದ ಕೈ ಯಾರ ಹತ್ರ ಇತ್ತೋ, ಅವರೇ ಈ ಡಬ್ಬೀನ ಚುಚ್ಚಿದ್ದು. ಬೇರೆ ದಾರಿ ಇಲ್ಲ. ಇದರಲ್ಲಿ ಕೂದಲೆಳೆ ತಪ್ಪಿದ್ರೆ ನನ್ನ ಮೀಸೆ ಬೋಳಿಸಿ."

"ನಿಮಗೆ ಮೀಸೆ ಇಲ್ವಲ್ರೀ."

"ಬೆಳೆಸಿ ಬೋಳಿಸ್ತೀನಿ!"

ಇನ್‌ಸ್ಪೆಕ್ಟರಮ್ಮ ಬರೆದುಕೊಂಡರು. ನಾನು ಹೇಳಿದ್ದನ್ನು ಯಾರಾದರೂ ಪೂರ್ತಿಯಾಗಿ ಬರೆದುಕೊಂಡದ್ದು ಅದೇ ಮೊದಲು. ಹಬ್ಬಿನ ಲೆಕ್ಕ, ನೂರು, ಇನ್ನೂರು, ಐನೂರು, ಬೀರು, ಬೀಗ, ಒಂದನ್ನೂ ಬಿಡಲಿಲ್ಲ. ಕೊನೆಯಲ್ಲಿ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಪರಿಣತರ ಹೇಳಿಕೆ. ಸಹಿ ಹಾಕಿ."

ಪರಿಣತರ! ನಾನು ಪೆನ್ನು ಕೈಗೆತ್ತಿಕೊಂಡೆ.

"ಸಹಿ ಹಾಕ್ಬೇಡಿ ಭಾವ," ಎಂದಳು ನಾದಿನಿ. ಈ ಸಲ ದನಿಯಲ್ಲಿ ಬೆಂಕಿಯಿರಲಿಲ್ಲ.

ನಾನು ಹಾಕಿದೆ. ನನ್ನ ಸಹಿ ಸಾಮಾನ್ಯವಾಗಿ ಅರ್ಧ ಹಾಳೆ ತಿನ್ನುತ್ತದೆ. ಅಂದು ಮುಕ್ಕಾಲು ತಿಂದಿತು. ಕೆಳಗೆ ಎರಡು ಗೆರೆ ಎಳೆದು ಒಂದು ಚುಕ್ಕಿಯನ್ನೂ ಇಟ್ಟೆ.

ಇನ್‌ಸ್ಪೆಕ್ಟರಮ್ಮ ತಾವೇ ಗೇಟಿಗೆ ಹೋದರು. ಮೂರು ನಿಮಿಷದಲ್ಲಿ ಮೂಲೆ ಮಡಚಿದ ಉದ್ದನೆಯ ಪುಸ್ತಕ ಹಿಡಿದು ಬಂದರು. ಆ ಮೂರು ನಿಮಿಷವೂ ಕೋಣೆಯಲ್ಲಿ ನಾನೊಬ್ಬನೇ ಮಾತಾಡಿದೆ. ಹಳೆಯ ಏಳು ಪ್ರಕರಣಗಳನ್ನು ನಾನು ಹೇಗೆ ಬಿಡಿಸಿದೆ ಎಂದು ವಿವರಿಸಿದೆ. ಕೇಳಿಸಿಕೊಂಡವರು ಯಾರೂ ಇರಲಿಲ್ಲ.

ಅವರು ಪುಟ ತಿರುವಿದರು. ಬೆರಳು ಮಂಗಳವಾರದ ಮೇಲೆ ಇಳಿಯಿತು.

"ತಗೊಂಡಿದ್ದು ಹನ್ನೊಂದೂಕಾಲು. ವಾಪಸ್ ಕೊಟ್ಟಿದ್ದು ಹನ್ನೆರಡು ಐದು." ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಮೊದಲ ಸಲ ಕನಿಕರವಿತ್ತು. ಅದು ನನಗೆ ಹಿಡಿಸಲಿಲ್ಲ. "ಈ ಸಹಿ ಗುರುತು ಸಿಗುತ್ತಾ, ಪರಿಣತರೇ?"

ಸಿಕ್ಕಿತು. ಕೊನೆಯ ಅಕ್ಷರದ ಬಾಲವನ್ನು ಎಡಕ್ಕೆ ಎಳೆದು ಸುತ್ತುವ ಆ ರೀತಿಯನ್ನು ನಾನು ಎಷ್ಟೋ ಕಾಗದದ ಮೇಲೆ ನೋಡಿದ್ದೆ. ಆ ಭಾನುವಾರ ಅವಳು ನನ್ನ ತಪ್ಪು ತಿದ್ದಿದ ಪ್ರತಿ ಹಾಳೆಯ ಕೆಳಗೂ ಅದಿತ್ತು.

ಪುಸ್ತಕವನ್ನು ಪಟ್ಟೆಂದು ಮುಚ್ಚಿದೆ.

"ಇದು ಖೋಟಾ," ಎಂದೆ. "ಯಾರೋ ಇವಳ ಸಹಿ ಕಲಿತು..."

"ಖೋಟಾ ಅಲ್ಲ. ನಂದೇ," ಎಂದಳು ನಾದಿನಿ.

ಯಜಮಾನರ ಮುಖದ ಗಂಟು ಸಡಿಲಿತು. ಅವರು ನಗುವುದನ್ನು ನಾನು ಅಂದು ನೋಡಿದೆ. ಇನ್ನು ನೋಡುವ ಆಸೆಯಿಲ್ಲ. "ಇವತ್ತಿನ ತನಕ ಕಾಲಿಟ್ಟವಳಲ್ಲ ಅಂದ್ಲಲ್ಲ, ಬರ್ಕೊಳ್ಳಿ ಅಮ್ಮಾ, ಅದನ್ನೂ ಬರ್ಕೊಳ್ಳಿ," ಎಂದರು. "ನಿಮ್ಮ ಭಾವ ಬಂಗಾರದಂಥವರು ಕಣಮ್ಮ. ಪೊಲೀಸರಿಗೆ ಆಗದ್ದನ್ನ ಒಬ್ಬರೇ ಮಾಡಿಕೊಟ್ರು."

"ಗೇಟಿನ ತನಕ ಬಂದಿದ್ದೆ, ಒಳಗೆ ಬಂದಿಲ್ಲ," ಎಂದಳು ಅವಳು. ಯಾರೂ ಅದನ್ನು ಬರೆದುಕೊಳ್ಳಲಿಲ್ಲ.

"ನೂರು!" ನಾನು ಕಿರುಚಿದೆ. "ಆ ನೂರು ಇವಳ ಕೈಯಲ್ಲ! ಇವಳು ಸತ್ತರೂ ಅಲ್ಲಿ ನೂರು ಬರೆಯೋಳಲ್ಲ! ಬೀಗದ ಕೈ ತಗೊಂಡಿರಬಹುದು, ಡಿಸ್ಕ್ರಿಪ್ಟರ್ ಬರೆದಿದ್ದು ಬೇರೆಯವರು!"

"ಅವಸರದಲ್ಲಿ ಕೈ ತಪ್ಪಿ ನಾನೇ ಬರೆದಿರಬಹುದು ಅಂತ ಅವರೇ ಹೇಳಿದಾರೆ. ಬರ್ಕೊಂಡಿದೀನಿ." ಇನ್‌ಸ್ಪೆಕ್ಟರಮ್ಮ ನನ್ನ ಸಹಿಯ ಹಾಳೆಯನ್ನು ಎರಡಾಗಿ ಮಡಚಿದರು. "ಬೀಗದ ಕೈ ಯಾರ ಹತ್ರ ಇತ್ತೋ ಅವರೇ ಚುಚ್ಚಿದ್ದು, ಬೇರೆ ದಾರಿ ಇಲ್ಲ ಅಂದೋರು ನೀವು. ಅರ್ಧ ಗಂಟೆ ಹಿಂದೆ ನನ್ನ ಹತ್ರ ಅನುಮಾನ ಮಾತ್ರ ಇತ್ತು ಸ್ವಾಮಿ. ಸಂಜೆ ಜಾಮೀನು ಆಗಿಬಿಡೋದು. ಈಗ ಸಾಕ್ಷಿ ಇದೆ. ನೀವೇ ಕೊಟ್ಟಿದ್ದು."

ಮೂರು ಗಂಟೆ ಹೊಡೆಯಿತು.

ನಾದಿನಿ ಯಾರ ಕೈಯೂ ಹಿಡಿಯದೆ ಎದ್ದಳು. ನಾನು ಬಾಗಿಲಲ್ಲಿದ್ದೆ. ಈ ಸಲ ಯಾರೂ ನನ್ನನ್ನು ತಳ್ಳಲಿಲ್ಲ. ನಾನೇ ಸರಿದೆ.

ಅಂಗಳದಲ್ಲಿ ಜೀಪು ಗುರುಗುಟ್ಟುತ್ತಿತ್ತು. ಅವಳು ಹಿಂದಿನ ಸೀಟಿಗೆ ಹತ್ತಿದಳು. ನಾನು ಕಂಬಿ ಹಿಡಿದುಕೊಂಡೆ.

"ಯಾಕೆ ತಗೊಂಡೆ? ಹೇಳೇ ಮಾರಾಯ್ತಿ. ಬೀರು ತೆಗೆದು ಏನು ಮಾಡಿದೆ?"

"ಬೀಗದ ಕೈ ತಗೊಂಡಿದ್ದು ನಾನು. ಬೀರು ತೆಗೆದಿದ್ದು ನಾನಲ್ಲ. ಒಳಗೆ ಏನು ನಡೀತು ಅಂತ ನನಗೂ ಗೊತ್ತಿರಲಿಲ್ಲ. ಇವತ್ತು ಆ ನೂರು ಕಂಡಾಗಲೇ ಗೊತ್ತಾಗಿದ್ದು."

"ಅಂದ್ರೆ ಬೀಗದ ಕೈನ ಬೇರೆಯವರಿಗೆ ದಾಟಿಸಿದೀಯ! ಯಾರಿಗೆ? ಹೇಳು, ಈಗಲೇ ಇಳಿಸ್ತೀನಿ. ಇನ್‌ಸ್ಪೆಕ್ಟರಮ್ಮ ಮುಂದೇನೇ ಕೂತಿದಾರೆ. ಒಂದು ಮಾತು, ಸಾಕು. ಯಾರಿಗೆ ಕೊಟ್ಟೆ?"

ಅವಳು ನನ್ನ ಕಡೆ ತಿರುಗಿದಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀವು ಮನೆಗೆ ಹೋಗಿ ಭಾವ. ಅದನ್ನ ನಾನು ಹೇಳಿದ್ರೆ ನಿಮ್ಮ ಮನೇಲಿ ಇವತ್ತಿನಿಂದ ಒ‌ಲೆ ಹತ್ತಲ್ಲ."

ಜೀಪು ಹೊರಟಿತು. ಕಂಬಿಯನ್ನು ನಾನು ಬಿಟ್ಟೆನೋ, ಅದೇ ನನ್ನ ಕೈಯಿಂದ ಜಾರಿತೋ, ನೆನಪಿಲ್ಲ. ಧೂಳು ಇಳಿಯುವವರೆಗೆ ಗೇಟಿನ ಬಳಿ ನಿಂತಿದ್ದೆ.

ನಮ್ಮ ಮನೆಯಲ್ಲಿರುವುದು ಇಬ್ಬರೇ. ಅವರಲ್ಲಿ ಒಬ್ಬ ನಾನು.